ಮೆದು ಮೂತಿಯ ಗುಂಡು

ಬೆಳಗ್ಗೆ ಹತ್ತು ಗಂಟೆ. ಹೊಸಪೇಟೆಯ ಕೋವಿ ಅಂಗಡಿಯಲ್ಲಿ ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಶಂಭುಲಿಂಗ ಒಂದು ಹಂದಿಗಾಗಿ ಗುಂಡು ಆರಿಸುತ್ತಿದ್ದ.

ಹಂದಿ ಎಮ್ಮಿಗನೂರಿನ ಕಬ್ಬಿನಲ್ಲಿತ್ತು. ಹಿಂದಿನ ವಾರ ಅದು ಗದ್ದೆಯಿಂದ ನುಗ್ಗಿ ಆ ಕಬ್ಬಿನ ರೈತ ಹುಲುಗಪ್ಪನ ಹೆಂಡತಿ ತಾಯಕ್ಕನ ತೊಡೆ ಸೀಳಿತ್ತು. ಅದನ್ನು ಹೊಡೆಯಲು ಅರಣ್ಯ ಇಲಾಖೆ ಕೊಟ್ಟಿದ್ದ ಅನುಮತಿ ಮರುದಿನ ಸಂಜೆಗೆ ಮುಗಿಯುತ್ತಿತ್ತು. ಆ ಭಾಗದಲ್ಲಿ ಪರವಾನಗಿ ಇದ್ದ ದೊಡ್ಡ ರೈಫಲ್ ಶಂಭುಲಿಂಗನದೊಂದೇ. ಅಜ್ಜ ಸಂಡೂರಿನ ಗುಡ್ಡಗಳಲ್ಲಿ ಬೇಟೆಯಾಡುತ್ತಿದ್ದ ಕಾಲದ್ದು.

ಮನೆಯಲ್ಲಿ ಉಳಿದಿದ್ದ ಗುಂಡುಗಳಲ್ಲಿ ಒಂದನ್ನು ಶಂಭುಲಿಂಗ ಗಾಜಿನ ಮೇಜಿನ ಮೇಲಿಟ್ಟ. ಅಂಗಡಿಯ ಬಸವಕುಮಾರ್ ಅದನ್ನು ಬೆಳಕಿಗೆ ಹಿಡಿದ.

"ಇದು ಕಾಡೆಮ್ಮಿಗೆ ಮಾಡಿದ್ದು, ಶಂಭಣ್ಣಾರ. ಗಟ್ಟಿ ಮೂತಿ. ಹಂದಿ ದಾಟಿ, ಅದರ ಹಿಂದ ನಿಂತವನನ್ನೂ ಮಾತಾಡಿಸಿ ಹೋಗ್ತದ." ಕಪಾಟಿನಿಂದ ಇನ್ನೊಂದು ಪೆಟ್ಟಿಗೆ ತೆಗೆದ. ಅದರ ಗುಂಡುಗಳ ತುದಿಯಲ್ಲಿ ಸೀಸ ಕಾಣುತ್ತಿತ್ತು. "ಇದು ಮೆದು ಮೂತಿ. ಒಳಗ ಅರಳಿ ಅಲ್ಲೇ ನಿಂದರ್ತದ."

"ನಮ್ಮಜ್ಜ ಗಟ್ಟೀದ ಹೊಡೀತಿದ್ದ."

"ನಿಮ್ಮಜ್ಜ ಗುಡ್ಡಾದಾಗ ಹೊಡೀತಿದ್ದ. ನೀವು ಮಂದಿ ನಡುವ ಹೊಡಿಯಾವ್ರು."

ಅದು ನಿಜ. ಹಂದಿ ಹೊಕ್ಕ ಕಬ್ಬನ್ನು ಅಲ್ಲಿನವರು ನಾಲ್ಕೂ ಕಡೆಯಿಂದ ಕೊಯ್ಯುತ್ತ ಒಳಗೆ ಬರುತ್ತಾರೆ. ಕೊನೆಗೆ ಕಣದಷ್ಟು ಅಗಲದ ಕಬ್ಬು ಉಳಿಯುತ್ತದೆ, ಸುತ್ತ ಜನ, ನಡುವೆ ಹಂದಿ. ಎತ್ತ ಹೊಡೆದರೂ ಗುಂಡಿನ ದಾರಿಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ.

ಶಂಭುಲಿಂಗ ಹೊಸ ಪೆಟ್ಟಿಗೆ ತೆಗೆದುಕೊಂಡ. ಬಸವಕುಮಾರ್ ಬಾಗಿಲ ತನಕ ಬಂದು ಹೇಳಿದ: "ಗುಂಡು ಬದಲಾದ್ರ ಪೆಟ್ಟು ಬೀಳೋ ಜಾಗಾನೂ ಬದಲಾಗ್ತದ. ನೋಡಿ ಹೊಡೀರಿ."

ಶಂಭುಲಿಂಗ ಕಾರಿನಲ್ಲಿ ಊರಿಗೆ ಹೊರಟ. ಬುಕ್ಕಸಾಗರದ ಹತ್ತಿರ ಗಾಡಿ ನಿಲ್ಲಿಸಿ ಪೆಟ್ಟಿಗೆ ತೆರೆದು ನೋಡಿದ, ಮುಚ್ಚಿದ. ಕಂಪ್ಲಿ ದಾಟುವಾಗ ಮತ್ತೆ ತೆರೆದ.

ಸಂಜೆ ಅರಣ್ಯ ವಾಚರ್ ಹೊನ್ನೂರುಸ್ವಾಮಿಯ ಎದುರಿಗೆ, ಹುಲುಗಪ್ಪನ ಖಾಲಿ ಹೊಲದಲ್ಲಿ, ಮಣ್ಣಿನ ದಿಬ್ಬಕ್ಕೆ ಗೋಣಿಚೀಲ ನೇತುಹಾಕಿ ಎರಡೂ ಬಗೆಯ ಗುಂಡು ಹಾರಿಸಿದ. ಗಟ್ಟಿ ಮೂತಿ ಗುರುತಿಗೇ ಹೊಡೆಯಿತು. ಮೆದು ಮೂತಿ ಒಂದು ಗೇಣು ಕೆಳಗೆ. ಇನ್ನೊಮ್ಮೆ ಹಾರಿಸಿದ. ಮತ್ತೆ ಗೇಣು ಕೆಳಗೆ.

"ನಾಟೋದನ್ನ ಬಿಟ್ಟು ನಾಟದ್ದನ್ನ ಹಾಕ್ತೀರೇನ್ರಿ?" ಎಂದ ಹುಲುಗಪ್ಪ.

"ಒಂದು ಕಡಿ ಮಂದೀನ್ನ ತೆಗಿ. ಕಾಲುವಿ ಕಡಿ," ಎಂದ ಶಂಭುಲಿಂಗ.

"ಅತ್ತಾಗ ಬಿಟ್ರ ಅದು ಓಡ್ತದ."

"ಓಡ್ಲಿ. ಅತ್ತಾಗ ಓಡಿದ್ರ ಹೊಡೀತೀನಿ. ಇಲ್ಲಂದ್ರ ಕೋವಿ ಮುಟ್ಟಲ್ಲ."

ಹುಲುಗಪ್ಪ ಒಪ್ಪಿದ. ಆಸ್ಪತ್ರೆಯಲ್ಲಿದ್ದ ತಾಯಕ್ಕ ದಿನವೂ ಕೇಳುತ್ತಿದ್ದುದು ಒಂದೇ: ಅದು ಸತ್ತಿತಾ?

ಮರುದಿನ ಮಧ್ಯಾಹ್ನದ ಹೊತ್ತಿಗೆ ಕಬ್ಬು ಕಣದಷ್ಟಾಗಿತ್ತು. ಕಾಲುವೆ ಕಡೆಯವರೆಲ್ಲ ಶಂಭುಲಿಂಗನ ಹಿಂದೆ ಬಂದು ನಿಂತರು. ಅವರಲ್ಲಿ ಕಬ್ಬು ಕೊಯ್ಯುವ ಯಲ್ಲೇಶ್ ಸುಮ್ಮನಿರುವವನಲ್ಲ.

"ಸಾವ್ಕಾರ್ರ, ಮನ್ಯಾಗ ತತ್ತೀನೂ ಮುಟ್ಟಲ್ಲ. ಹಂದಿ ಕಂಡ್ರ ಕೈ ಮುಗೀತೀರೋ, ಹೊಡೀತೀರೋ?"

"ಮೊದಲು ನಿನ್ನ ಬಾಯಿಗೆ ಹೊಡೀಬೇಕಲೇ," ಎಂದ ಹುಲುಗಪ್ಪ. ಜನ ನಕ್ಕರು. ಶಂಭುಲಿಂಗ ನಗಲಿಲ್ಲ. ಗಟ್ಟಿ ಮೂತಿಯ ಗುಂಡು ತುಂಬಿದ, ತೆಗೆದ.

"ಈಗ ಅತ್ತಾಗ ನರಪಿಳ್ಳಿನೂ ಇಲ್ಲ," ಹುಲುಗಪ್ಪ ಪಿಸುಗುಟ್ಟಿದ. "ಗುರಿಗೆ ನಾಟೋದನ್ನ ಹಾಕ್ರಿ. ಗಾಯ ಆಗಿ ಓಡಿದ್ರ ಇನ್ನೊಬ್ರನ್ನ ಸೀಳ್ತದ."

ಅದೂ ನಿಜ. ಶಂಭುಲಿಂಗ ಗಟ್ಟಿ ಗುಂಡನ್ನು ಮತ್ತೆ ಕೈಗೆ ತೆಗೆದುಕೊಂಡ. ಕಾಲುವೆಯ ಮುಂದೆ ಎದೆಯೆತ್ತರದ ಜಾಲಿ ಬೆಳೆದಿತ್ತು. ಅದರ ಆಚೆ ಏನೂ ಕಾಣುತ್ತಿರಲಿಲ್ಲ. ಗುಂಡನ್ನು ಜೇಬಿಗೆ ಹಾಕಿ ಮೆದು ಮೂತಿಯದನ್ನು ತುಂಬಿದ.

ಉಳಿದ ಕಡೆಯವರು ತಗಡಿನ ಡಬ್ಬ ಬಡಿದರು. ಹಂದಿ ಕಾಲುವೆ ಕಡೆಗೇ ಹೊರಟಿತು, ಓರೆಯಾಗಿ, ಬೆನ್ನು ತೋರಿಸಿ. ಶಂಭುಲಿಂಗ ಒಂದು ಗೇಣು ಮೇಲೆ ಗುರಿ ಹಿಡಿದು ಹೊಡೆದ. ಗುಂಡು ಹಿಂದಿನ ಪಕ್ಕೆಯಲ್ಲಿ ಹೊಕ್ಕಿತು. ಹಂದಿ ನಾಲ್ಕು ಹೆಜ್ಜೆ ಓಡಿ ಜಾಲಿಯ ಮುಂದೆ ಬಿತ್ತು.

ಹೊನ್ನೂರುಸ್ವಾಮಿ ಅದನ್ನು ಹೊರಳಿಸಿ ನೋಡಿದ. ಗುಂಡು ಹೊರಬಂದ ಗಾಯ ಎಲ್ಲೂ ಇರಲಿಲ್ಲ.

ಆಗ ಜಾಲಿಯ ಹಿಂದಿನಿಂದ ಯಲ್ಲೇಶ್ ಎದ್ದು ನಿಂತ. ಕೈಯಲ್ಲಿ ಬುತ್ತಿ ಗಂಟು ಇತ್ತು. ಕಾಲುವೆ ಬದುವಿನ ನೆರಳಿನಲ್ಲಿ ಬೆಳಗ್ಗೆ ಇಟ್ಟಿದ್ದನ್ನು ನಾಯಿ ತಿಂದೀತೆಂದು, ಯಾರಿಗೂ ಹೇಳದೆ ಸುತ್ತುಬಳಸಿ ಹೋಗಿದ್ದ. ಬಿದ್ದ ಹಂದಿಯನ್ನು ನೋಡಿ ಗಂಟನ್ನು ಎದೆಗೆ ಅವುಚಿಕೊಂಡ.

ಹುಲುಗಪ್ಪ ಒಮ್ಮೆ ಯಲ್ಲೇಶನನ್ನು, ಒಮ್ಮೆ ಹಂದಿಯನ್ನು ನೋಡಿ ನೆಲದ ಮೇಲೆ ಕುಳಿತ. ಶಂಭುಲಿಂಗ ರೈಫಲ್ ಖಾಲಿ ಮಾಡಲು ಹೋದ. ಆಗದೆ, ಅದನ್ನು ಹೊನ್ನೂರುಸ್ವಾಮಿಯ ಕೈಗೆ ಕೊಟ್ಟ.

ಮರುದಿನ ಶಂಭುಲಿಂಗ ಮನೆಯಲ್ಲಿದ್ದ ಗಟ್ಟಿ ಮೂತಿಯ ಗುಂಡುಗಳನ್ನೆಲ್ಲ ಕಂಪ್ಲಿ ಠಾಣೆಗೆ ಒಪ್ಪಿಸಿದ.