ಉಳಿದ ನಾಲ್ಕು ಗಂಟೆ

ಪ್ಲಾಸ್ಟರ್ ಅಣ್ಣ ಹಾಕಿದ ಪ್ಲಾಸ್ಟರಿನ ಮೇಲೆ ಆನೆ ಬಂದು ಕೂತರೆ ಆನೆಗೇ ಸೊಂಟ ನೋವು ಬಂದೀತು, ಪ್ಲಾಸ್ಟರಿಗೆ ಏನೂ ಆಗದು ಎಂದು ಆಸ್ಪತ್ರೆಯಲ್ಲಿ ಮಾತಿತ್ತು. ಓದಿದ್ದು ಏಳನೇ ಕ್ಲಾಸು. ಮುರಿದ ಕೈಕಾಲು ಕಟ್ಟಿದ್ದು ಮೂವತ್ತೆರಡು ವರ್ಷ. ಅಂಥವನಿಗೆ ಮೂಳೆ ವೈದ್ಯರ ಸಂಘ ಗೌರವ ಫೆಲೋಶಿಪ್ ಕೊಡಲು ಹೊರಟಿತ್ತು. ಹೆಂಡತಿ ಆಗಲೇ ಬೀದಿಗೆಲ್ಲ ಸಾರಿ, ಪ್ರಮಾಣಪತ್ರ ತೂಗುಹಾಕಲು ಗೋಡೆಗೆ ಮೊಳೆಯನ್ನೂ ಹೊಡೆದಿದ್ದಳು.

ಆದರೆ ಸಮಿತಿಯ ಐವರೂ ಒಪ್ಪಬೇಕಿತ್ತು. ನಾಲ್ವರು ಒಪ್ಪಿದ್ದರು. ಕಾರ್ಯದರ್ಶಿ ಡಾಕ್ಟರು ಮಾತ್ರ ಮುಖ ಸೊಟ್ಟಗೆ ಮಾಡಿಕೊಂಡು ಅಣ್ಣನನ್ನು ಸಭೆಗೇ ಕರೆಸಿದರು.

“ಡಾಕ್ಟರುಗಳಿಗೆ ಏನಾದ್ರೂ ಕಲಿಸಿದವರಿಗೆ ಮಾತ್ರ ಈ ಗೌರವ. ಇವರು ಯಾರಿಗೆ ಏನು ಕಲಿಸಿದ್ದಾರೆ?”

“ನನಗೆ ಕಲಿಸಿದ್ದಾರಲ್ಲ!” ಎಂದು ಅಧ್ಯಕ್ಷೆ ನಕ್ಕರು.

ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೊಸ ಡಾಕ್ಟರು ಯಾರೇ ಬರಲಿ, ಅಣ್ಣ ಮೊದಲು ಅವರ ಬಲಗೈಗೇ ಪ್ಲಾಸ್ಟರ್ ಹಾಕಿ ಇಪ್ಪತ್ನಾಲ್ಕು ಗಂಟೆ ಬಿಡುತ್ತಿದ್ದ. ರೋಗಿಯ ಪಾಡು ಗೊತ್ತಾಗಲಿ ಅಂತ.

“ತಲೆ ಬಾಚ್ಕೊಳ್ಳೋಕೂ ಆಗದೆ ಅತ್ತುಬಿಟ್ಟಿದ್ದೆ,” ಎಂದರು ಅಧ್ಯಕ್ಷೆ. “ಆಮೇಲೆ ಯಾವ ರೋಗಿ ‘ಒಳಗೆ ಕಡೀತಿದೆ’ ಅಂದ್ರೂ ಗದರಿಸಿಲ್ಲ.”

“ನಾನೂ ಹಾಕಿಸ್ಕೊಂಡಿದ್ದೆ. ನನಗೇನು ಕಲಿಸಿದ್ರಿ? ಹೇಳಿ!” ಕಾರ್ಯದರ್ಶಿ ಗುಡುಗಿದರು.

ಹದಿನೆಂಟು ವರ್ಷದ ಹಿಂದೆ ಈ ಮಹಾಶಯರು ಆಸ್ಪತ್ರೆಯ ಬಚ್ಚಲಲ್ಲಿ ಬಕೆಟ್ಟಿಗೆ ಕೈ ಅದ್ದಿ, ಪ್ಲಾಸ್ಟರನ್ನು ನೆನೆಸಿ ಕಿತ್ತು ಹಾಕಿದ್ದರು. ಅದು ಅಣ್ಣನೊಬ್ಬನಿಗೇ ಗೊತ್ತಿತ್ತು. ಬಾಯಿಬಿಟ್ಟರೆ ಅವರ ಮಾನ ಹೋಗುತ್ತದೆ, ಬಿಡದಿದ್ದರೆ ಮನೆಯ ಮೊಳೆ ಬೋಳಾಗಿ ಉಳಿಯುತ್ತದೆ.

“ನಿಮಗೆ ಪೂರ್ತಿ ಕಲಿಸೋಕೆ ಆಗ್ಲಿಲ್ಲ ಸಾರ್,” ಎಂದ ಮೆಲ್ಲಗೆ. “ತಪ್ಪು ನಂದೇ. ಇನ್ನೂ ನಾಲ್ಕು ಗಂಟೆ ಉಳಿದಿತ್ತು.”

ಕಾರ್ಯದರ್ಶಿಯ ಕಿವಿ ಕೆಂಪಾದವು. “ನಿಮಗೆ… ಗೊತ್ತಿತ್ತಾ?”

“ಬಚ್ಚಲು ತೊಳೆದಿದ್ದು ನಾನೇ ಅಲ್ವಾ ಸಾರ್. ಬರೀ ಸುಣ್ಣದ ಕೆಸರು!”

“ಮತ್ತೆ ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ಲ?”

“ಹೇಳೋದೇನು ಬಂತು? ಅವತ್ತು ನಿಮಗೆ ಮಗಳು ಹುಟ್ಟಿದ್ಲು. ಎತ್ಕೊಳ್ಳೋಕೆ ಎರಡೂ ಕೈ ಬೇಕಲ್ಲ.”

ಅಧ್ಯಕ್ಷೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾರ್ಯದರ್ಶಿ ಮಾತ್ರ ಅಂಗಿಯ ಬಲತೋಳು ಮಡಚಿ, ಕೈಯನ್ನು ಮೇಜಿನ ಮೇಲೆ ಚಾಚಿದರು.

“ಉಳಿದದ್ದನ್ನ ಇವತ್ತೇ ಮುಗಿಸಿಬಿಡಿ ಅಣ್ಣಾ. ಈ ಸಲ ಬಕೆಟ್ ಮುಟ್ಟಲ್ಲ.”

ಹೀಗಾಗಿ ಪ್ರಮಾಣಪತ್ರಕ್ಕೆ ಕಾರ್ಯದರ್ಶಿ ಎಡಗೈಯಲ್ಲೇ ಸಹಿ ಹಾಕಬೇಕಾಯಿತು. ಮನೆಯಲ್ಲಿ ಅದನ್ನು ಮೊಳೆಗೆ ತೂಗುಹಾಕುತ್ತಾ ಹೆಂಡತಿ ಹುಬ್ಬು ಗಂಟಿಕ್ಕಿದಳು.

“ಇದೇನ್ರೀ ಸಹಿ, ಕೋಳಿ ಕೆರೆದ ಹಾಗಿದೆ?”

“ಸುಮ್ನಿರೇ, ಇದೇ ವಾಸಿ,” ಎಂದ ಅಣ್ಣ. “ಅವರ ಬಲಗೈ ಸಹಿ ನೀನು ನೋಡಿಲ್ಲ!”