ಉನಾಯ್ಸಿಯ ಮಗಳ ಮುಖ

ಊರಿನ ಮೊದಲ ತೆಂಗಿನ ಮರ ಬಂದ ಕೂಡಲೇ ಮೂವರೂ ಬೆನ್ನುಚೀಲ ಇಳಿಸಿ ಕೈಯಲ್ಲಿ ಹಿಡಿದುಕೊಂಡರು. ಹೆಗಲ ಮೇಲೆ ಹೊರೆ, ತಲೆಯ ಮೇಲೆ ಟೋಪಿ ಇಟ್ಟುಕೊಂಡು ಊರೊಳಗೆ ಕಾಲಿಡುವವನನ್ನು ಫಿಜಿಯ ಕಂಡಾವು ದ್ವೀಪದಲ್ಲಿ ನಾಯಿಯೂ ಮೂಸುವುದಿಲ್ಲ. ಇಸೋವಾ ಮಾತ್ರ ಎಂದಿನಂತೆ ಟೋಪಿ ತೆಗೆಯಲು ಮರೆತಿದ್ದ. ಶಲೇಂದ್ರ ಅದನ್ನು ಕಿತ್ತು ಅವನ ಕೈಗೇ ಕೊಟ್ಟ.

"ಐದು ಊರು ಸುತ್ತಾಯ್ತು, ಇನ್ನೂ ನೆನಪಿರಲ್ವಲ್ಲೋ! ಸುವಾ ಪೇಟೇಲಿ ಹುಟ್ಟಿದೋರ ಹಣೆಬರಹಾನೇ ಇಷ್ಟು."

"ಕಬ್ಬಿನ ಗದ್ದೆಯೋನು ನಮ್ಮ ರಿವಾಜು ನಂಗೇ ಕಲಿಸ್ತಾನೆ, ನೋಡೇ ಲೈಸಾನಿ!"

ಲೈಸಾನಿ ನಗಲಿಲ್ಲ. ಬೆಳಿಗ್ಗೆ ದೋಣಿ ಹತ್ತಿದಾಗಿನಿಂದ ಅವಳ ಬಾಯಿಗೆ ಬೀಗ ಬಿದ್ದಿತ್ತು.

ಮೂವರೂ ಸುವಾದಲ್ಲಿ ಒಟ್ಟಿಗೆ ಓದಿ ಮೇಷ್ಟರಾದವರು. ಕೆಲಸಕ್ಕೆ ಸೇರುವ ಮುಂಚೆ ಮೂರು ವಾರ ದ್ವೀಪದಿಂದ ದ್ವೀಪಕ್ಕೆ ಅಲೆಯುವುದು ಎಂದು ಹೊರಟಿದ್ದರು. ಯಾವ ಊರಿಗೆ ಹೋದರೂ ಮೊದಲು ಹಿರಿಯನ ಮುಂದೆ ಒಂದು ಕಟ್ಟು ಯಂಗೋನ ಬೇರು, ಅರೆದು ನೀರಲ್ಲಿ ಕಲಸಿ ಕುಡಿಯುವಂಥದ್ದು, ಇಟ್ಟು, ಇಲ್ಲಿ ಇರಲೇ ಎಂದು ಕೇಳಬೇಕು. ಹಾಗಾಗಿ ಚೀಲಗಳಲ್ಲಿ ಬಟ್ಟೆಗಿಂತ ಬೇರಿನ ಕಟ್ಟುಗಳೇ ಜಾಸ್ತಿ. ಕೇಳುವ ಮಾತು ಶಲೇಂದ್ರನದು. ಕಬ್ಬು ಕಡಿಯಲು ಹಡಗಿನಲ್ಲಿ ಬಂದವರ ವಂಶದವನು, ಲಂಬಾಸದಲ್ಲಿ ಫಿಜಿಯವರ ಬೇಲಿಯ ಪಕ್ಕದಲ್ಲೇ ಬೆಳೆದು ಅವರು ಚಾಪೆಯ ಮೇಲೆ ಕೂತು ಆಡುವ ಶಾಸ್ತ್ರದ ಮಾತನ್ನು ಮುದುಕರಿಗಿಂತ ಚೆನ್ನಾಗಿ ಕಲಿತಿದ್ದ. ಅಪ್ಪಟ ಫಿಜಿಯವನಾದ ಇಸೋವಾ ಮೂರನೇ ವಾಕ್ಯಕ್ಕೇ ಮುಗ್ಗರಿಸುತ್ತಿದ್ದ.

ಈ ಆರನೇ ಊರು ನಸೌರಾವನ್ನು ಪಟ್ಟಿಗೆ ಸೇರಿಸಿದವಳು ಲೈಸಾನಿಯೇ. ಅದು ತನ್ನ ಅಮ್ಮನ ತವರು ಎಂದು ಗೆಳೆಯರಿಗೂ ಹೇಳಿರಲಿಲ್ಲ. ಅಮ್ಮ ಉನಾಯ್ಸಿ ಮೆಚ್ಚಿದವನ ಹಿಂದೆ ಓಡಿಹೋದವಳು. ಗಂಡನ ಕಡೆಯವರು ತಿಮಿಂಗಿಲದ ಹಲ್ಲು ಹಿಡಿದು ತಪ್ಪೊಪ್ಪಿಕೊಳ್ಳಲು ಬರಲಿಲ್ಲ. ಹುಟ್ಟಿದ ಮಗಳ ಮುಖವನ್ನು ಶಾಸ್ತ್ರಪ್ರಕಾರ ತಂದು ತೋರಿಸಲೂ ಇಲ್ಲ. ಮುಖ ತೋರಿಸದ ಮಗುವಿಗೆ ತಾಯಿಯ ತವರಿನಲ್ಲಿ ಹೊಸ್ತಿಲೇ ಇಲ್ಲ. ಅಜ್ಜಿ ಸತ್ತಾಗ ಅಮ್ಮ ಸುವಾದ ದಕ್ಕೆಯವರೆಗೆ ಹೋಗಿ, ಕಂಡಾವಿನ ದೋಣಿ ಹೊರಟಿದ್ದನ್ನು ನೋಡಿ ಮನೆಗೆ ಬಂದಿದ್ದಳು. ಹೋದ ವರ್ಷ ತಾನು ಕಣ್ಣು ಮುಚ್ಚುವ ಮುಂಚೆ ಅಮ್ಮ ಕೇಳಿದ್ದು ಒಂದೇ: "ನಮ್ಮವ್ವನ ಸಮಾಧಿಗೆ ನನ್ನ ಹೆಸರಲ್ಲಿ ಒಂದು ಬಟ್ಟೆ ಹೊದಿಸಿ ಬಾ." ಸದ್ದಿಲ್ಲದೆ ಹೊದಿಸಿ ಬಂದುಬಿಡುವುದು ಎಂದು ಲೈಸಾನಿಯ ಲೆಕ್ಕ.

ಹಿರಿಯನ ಹೆಸರು ವಿಲಿಕೇಸಾ ಎಂದು ಕೇಳಿದಾಗಲೇ ಲೈಸಾನಿಗೆ ಗುರುತು ಸಿಕ್ಕಿತು. ಅಮ್ಮನ ಅಣ್ಣ. ಅವನ ಮನೆಯ ಚಾಪೆಯ ಮೇಲೆ ಶಲೇಂದ್ರ ಬೇರಿನ ಕಟ್ಟು ಮುಂದಿಟ್ಟು, ಊರಿನ ಹಿರಿಮನೆಗಳ ಹೆಸರನ್ನು ಒಂದೂ ಬಿಡದೆ ಹೇಳಿ, ತಲೆ ಬಾಗಿಸಿದ. ಚಾಪೆಯ ಮೇಲಿದ್ದವರೆಲ್ಲ ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದರು.

"ಅತಿಥಿಗಳೇ, ಸಮುದ್ರ ನಿಮ್ದು, ತೋಟ ನಿಮ್ದು," ಎಂದ ವಿಲಿಕೇಸಾ. "ಗುಡ್ಡದ ಮೇಲೆ ಮಾತ್ರ ಹೋಗ್ಬೇಡಿ. ಅಲ್ಲಿ ನಮ್ಮೋರು ಮಲಗಿದಾರೆ. ಅದು ಈ ಮನೆ ಮಕ್ಕಳಿಗಷ್ಟೇ."

ಕತ್ತಲಾದ ಮೇಲೆ ಹೋಗಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಆದರೆ ಸ್ವಂತ ಅಜ್ಜಿಯ ಹತ್ತಿರ ಕಳ್ಳಬೆಕ್ಕಿನ ಹಾಗೆ ಹೋಗುವುದೇ? ಅಮ್ಮ ಹಾಗೆ ಬದುಕಿದ್ದು ಸಾಲದೇ? ಲೈಸಾನಿಗೆ ತನ್ನ ಮೇಲೇ ಸಿಟ್ಟು ಬಂತು.

"ನಾನು ಉನಾಯ್ಸಿ ಮಗಳು," ಎಂದಳು.

ವಿಲಿಕೇಸಾ ಬೇರಿನ ಕಟ್ಟನ್ನು ಪಕ್ಕಕ್ಕಿಟ್ಟ.

"ಮುಖ ತಾನಾಗಿ ನಡ್ಕೊಂಡು ಬರಲ್ಲ ಮಗಳೇ. ಯಾರಾದ್ರೂ ತರ್ಬೇಕು. ನಿಮ್ಮಪ್ಪನ ಕಡೆಯೋರೆಲ್ಲಿ?"

"ಯಾರೂ ಇಲ್ಲ."

"ನಾವಿದೀವಿ," ಎಂದ ಶಲೇಂದ್ರ.

ಅವನು ಇಸೋವಾನ ಮುಖ ನೋಡಿದ. ಇಸೋವಾ ಚೀಲಗಳನ್ನು ಎಳೆದು, ಉಳಿದ ನಾಲ್ಕು ದ್ವೀಪಗಳಿಗೆಂದು ಇಟ್ಟಿದ್ದ ನಾಲ್ಕೂ ಕಟ್ಟು ಬೇರನ್ನು ಹೊರಗೆ ಹಾಕಿದ. ಅಲ್ಲಿಗೆ ಅವರ ತಿರುಗಾಟ ಮುಗಿಯಿತು. ವರ್ಷವಿಡೀ ನಕ್ಷೆ ಬರೆದು ಕನಸು ಕಂಡವನು ಅವನೇ! ಲೈಸಾನಿ ಬೇಡ ಎಂದು ಕೈ ಚಾಚಿದರೆ, "ಸುಮ್ನಿರೇ," ಎಂದು ಗದರಿದ.

ಶಲೇಂದ್ರ ಮಂಡಿಯೂರಿ ಮುಂದೆ ಸರಿದು ಮಾತು ಶುರು ಮಾಡಿದ. ಎರಡು ವಾಕ್ಯ ಆಗಿರಲಿಲ್ಲ, ವಿಲಿಕೇಸಾ ಕೈಯೆತ್ತಿ ತಡೆದ. ಎದ್ದು ಒಳಗೆ ಹೋದ. ಮುಗಿಯಿತು, ಹೊರಗೆ ಹೋಗಿ ಅನ್ನುತ್ತಾನೆ ಎಂದುಕೊಂಡು ಲೈಸಾನಿ ತುಟಿ ಕಚ್ಚಿ ಕೂತಳು.

ಅವನು ತಿರುಗಿ ಬಂದಾಗ ಕೈಯಲ್ಲಿ ತಿಮಿಂಗಿಲದ ಹಲ್ಲು ಇತ್ತು, ಎಣ್ಣೆ ಕುಡಿದು ಕಂದಾದದ್ದು, ಹುರಿಹಗ್ಗ ಕಟ್ಟಿದ್ದು. ಅದನ್ನು ಶಲೇಂದ್ರನ ಕೈಗಿಟ್ಟ.

"ಮುಖಕ್ಕೆ ಬೇರು ಸಾಲಲ್ಲ ಕಣಪ್ಪ, ಹಲ್ಲೇ ಬೇಕು. ಇದನ್ನ ಹಿಡ್ಕೊ. ಮೊದಲಿಂದ ಹೇಳು."

ಪಕ್ಕದ ಮುದುಕನೊಬ್ಬ ಗೊಣಗಿದ: "ನಿನ್ನ ಹಲ್ಲನ್ನ ನಿಂಗೇ ಕೊಡೋದಾ ವಿಲಿಕೇಸಾ? ಎಲ್ಲಾದ್ರೂ ಉಂಟಾ?"

"ಅವರು ತರ್ಲಿ ಅಂತ ಇಪ್ಪತ್ತೈದು ವರ್ಷ ಕೂತೆ. ಬಂದಿದ್ದು ತಂಗಿ ಹೋದ್ಲು ಅನ್ನೋ ಸುದ್ದಿ. ಇನ್ನೂ ಕೂತಿರು ಅಂತೀಯಾ?"

ಶಲೇಂದ್ರ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಅವನ ದನಿ ಬೇರೆಯೇ ಇತ್ತು.

"ಈ ಮಗುವಿನ ಹೆಸರು ಲೈಸಾನಿ. ಇವಳನ್ನ ಹೆತ್ತೋಳು ಉನಾಯ್ಸಿ, ಈ ಮನೆ ಮಗಳು, ನಸೌರಾದ ಮಗಳು. ದಾರಿ ದೂರ ಆಯ್ತು, ತಡ ಆಯ್ತು, ತಪ್ಪೂ ಆಯ್ತು. ಹೊತ್ತು ತಂದೋರು ನಾವು ನೆಂಟರಲ್ಲ. ಕಬ್ಬಿನೂರಿನೋನು ಒಬ್ಬ, ಪೇಟೆಯೋನು ಒಬ್ಬ. ಆದ್ರೆ ತಂದಿದೀವಿ. ನೋಡ್ಕೊಳ್ಳಿ ಹಿರಿಯರೇ, ಇದು ಇವಳ ಮುಖ."

ಅಮ್ಮನ ಹೆಸರನ್ನು ಈ ಊರಿನ ಹೆಸರಿನ ಜೊತೆ ಗಟ್ಟಿಯಾಗಿ ಯಾರೂ ಹೇಳಿದ್ದನ್ನು ಲೈಸಾನಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೆಮ್ಮೆಯಿಂದ ಅವಳ ಎದೆ ತುಂಬಿಹೋಯಿತು. ಇಷ್ಟು ದಿನ ಬಗ್ಗಿಸಿಕೊಂಡೇ ಇದ್ದ ತಲೆಯನ್ನು ಎತ್ತಿ ಕೂತಳು. ಎಲ್ಲರೂ ನೋಡಲಿ.

ವಿಲಿಕೇಸಾ ಹಲ್ಲನ್ನು ತೆಗೆದುಕೊಂಡು ಮೂಗಿಗೆ ಒತ್ತಿಕೊಂಡ. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲೂ ಇಲ್ಲ.

"ಬಂತು ಮುಖ. ನೋಡಿದ್ವಿ."

ಚಪ್ಪಾಳೆ ಮುಗಿಯುವ ಮುಂಚೆಯೇ ಹೆಂಗಸರು ಅಳುತ್ತಾ ಬಂದು ಅವಳ ಕೆನ್ನೆ ಹಿಡಿದರು. ವಿಲಿಕೇಸಾ ಶಲೇಂದ್ರನ ಕಡೆ ತಿರುಗಿದ.

"ಯಾರ ಮಗನೋ ನೀನು?"

"ಲಂಬಾಸದ ಹರಿಪ್ರಸಾದರ ಮಗ. ಕಬ್ಬು ಕಡೀತಾರೆ."

"ನಿಮ್ಮಪ್ಪಂಗೆ ಹೇಳು, ನಿನ್ನ ಮಗ ನಸೌರಾದ ಚಾಪೆ ಮೇಲೆ ಮಾತಾಡ್ದ, ಒಂದಕ್ಷರ ತಿದ್ದೋಕೂ ಆಗ್ಲಿಲ್ಲ ಅಂತ." ಆಮೇಲೆ ಇಸೋವಾನನ್ನು ನೋಡಿ, "ನೀನೇನು ಮೂಕನೇನಪ್ಪ?" ಎಂದ.

"ಚೀಲ ಹೊರೋನು ನಾನು, ಮಾವ," ಎಂದ ಇಸೋವಾ. ಚಾಪೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ನಗು ಇಳಿದ ಮೇಲೆ ಲೈಸಾನಿ ಮೆಲ್ಲಗೆ ಕೇಳಿದಳು: "ಮಾವ, ಗುಡ್ಡಕ್ಕೆ ಹೋಗ್ಲಾ?"

"ನನ್ನ ಕೇಳ್ತೀಯಲ್ಲೇ ಹುಚ್ಚಿ! ಹೋಗು, ಅವ್ವ ಕಾದು ಕಾದು ಸಾಕಾಗಿದಾಳೆ. ಇವರಿಬ್ಬರನ್ನೂ ಕರ್ಕೊಂಡು ಹೋಗು."

ಲೈಸಾನಿ ಚೀಲದಿಂದ ಅಮ್ಮನ ಹೆಸರಿನ ಬಟ್ಟೆ ತೆಗೆದುಕೊಂಡಳು, ಮೂವರೂ ಹೊರಟರು. ಗುಡ್ಡದ ದಾರಿಯ ಬುಡದಲ್ಲಿ ಮರಗೆಣಸು ಸುಲಿಯುತ್ತಿದ್ದ ಮುದುಕಿಯೊಬ್ಬಳಿಗೆ ಒಳಗಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ. "ಏ, ಯಾರಾದ್ರೂ ತಡೀರೋ!" ಎಂದು ಕೂಗಿದಳು. "ಪ್ರವಾಸಿಗರು ಗುಡ್ಡ ಹತ್ತುತಾವ್ರೆ!"

ವಿಲಿಕೇಸಾ ಬಾಗಿಲಿಗೆ ಓಡಿ ಬಂದ. "ಯಾರನ್ನೇ ತಡಿಯೋದು? ಕಣ್ಣು ಕಾಣಲ್ವಾ ನಿಂಗೆ? ಅವಳು ನಮ್ಮ ಉನಾಯ್ಸಿ ಮಗಳು ಕಣೇ!" ಎಂದು ಊರಿಗೆಲ್ಲ ಕೇಳುವ ಹಾಗೆ ಅಬ್ಬರಿಸಿದ.

ಮುದುಕಿಗೆ ಕಿವಿ ಮಂದ. "ಯಾರ ಮಗಳು ಅಂದೆ?" ಎಂದಳು. ಲೈಸಾನಿ ಅಲ್ಲೇ ನಿಂತು, ಮಾವ ಇನ್ನೊಮ್ಮೆ ಕೂಗುವವರೆಗೂ ಕಾದಳು.