ಹನ್ನೆರಡನೇ ಹೋಲಿನ ಲೆಕ್ಕ

ರಿಟೈರ್ ಆದ ಮೇಷ್ಟ್ರುಗಳು ನಮ್ಮೂರಲ್ಲಿ ಅರಳಿಕಟ್ಟೆ ಮೇಲೆ ಕೂತು ಪಿಂಚಣಿ, ಸಕ್ಕರೆ ಕಾಯಿಲೆ ಎರಡನ್ನೇ ಮಾತಾಡುತ್ತಾರೆ. ವೇಮಗಲ್ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಗ್ಗಿ ಹೇಳಿಸಿದ ವೆಂಕಟರತ್ನಮ್ಮ ಎಂಬ ನಾನು ಮಾತ್ರ ವರ್ಷಕ್ಕೊಮ್ಮೆ ನಡೆಯುವ ಪಂದ್ಯದ ನಾಲ್ಕು ದಿನ ತಲೆಗೆ ಟೋಪಿ, ಕಾಲಿಗೆ ಬೂಟು ಹಾಕಿಕೊಂಡು ಗಾಲ್ಫ್ ಆಟಗಾರರ ಹಿಂದೆ ನಡೆಯುತ್ತೇನೆ. ಚೆಂಡು ಎಲ್ಲಿ ಬಿತ್ತು, ಎಷ್ಟು ಹೊಡೆತಕ್ಕೆ ಹೋಲು ಎನ್ನುವ ಗುಳಿ ಸೇರಿತು ಎಂದು ಪಂದ್ಯ ನಡೆಸುವವರು ಕೊಟ್ಟ ಮೊಬೈಲಿನಲ್ಲಿ ಒತ್ತುವುದು ನನ್ನ ಕೆಲಸ. ಸಂಬಳವಿಲ್ಲ. ಬಾಯಿ ತೆರೆಯುವ ಹಾಗೂ ಇಲ್ಲ.

"ಯಾರ್ದೋ ಚೆಂಡು ಎಣ್ಸೋಕೆ ಈ ಬಿಸ್ಲಲ್ಲಿ ಹೋಗ್ಬೇಕಾ ಅತ್ತಿಗೆ?" ಎಂದು ನಾದಿನಿ ಮುನಿಗಂಗಮ್ಮ ಪ್ರತಿ ವರ್ಷ ಕೇಳುತ್ತಾಳೆ.

"ಮಜ್ಜಿಗೆ, ಬಿಸ್ಕತ್ತು ಕೊಡ್ತಾರೆ ಕಣೇ," ಎಂದು ಬಾಯಿ ಮುಚ್ಚಿಸುತ್ತೇನೆ.

ನಿಜ ಬೇರೆ. ಆ ಗಾಲ್ಫ್ ಮೈದಾನದ ಒಂದು ಮೂಲೆ ನಮ್ಮ ಹಿಪ್ಪುನೇರಳೆ ತೋಟವಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಮೂರೇ ದಿನದ ಜ್ವರಕ್ಕೆ ನನ್ನ ಮಗಳು ಶ್ರೀವಾಣಿ ಹೋದಳು. ಒಂಬತ್ತು ವರ್ಷ. ದೊಡ್ಡ ಬಂಡೆಯ ಪಕ್ಕ, ತೋಟದಲ್ಲೇ ಮಣ್ಣು ಮಾಡಿದರು. ಹೆತ್ತವಳು ಗುಂಡಿಯ ಹತ್ತಿರ ಹೋಗಬಾರದೆಂಬುದು ನಮ್ಮ ಮನೆತನದ ಪದ್ಧತಿ. ನನ್ನನ್ನು ಕೋಣೆಯೊಳಗೆ ಹಾಕಿ, ಮುನಿಗಂಗಮ್ಮನನ್ನು ಬಾಗಿಲಿಗೆ ಕಾವಲು ಕೂರಿಸಿದರು. ಊರಿನವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಿ ಬಂದರು. ನಾನು ಹಾಕಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಆಮೇಲೆ ಯಜಮಾನರ ಅಣ್ಣತಮ್ಮಂದಿರೆಲ್ಲ ಸೇರಿ ಜಮೀನು ಮಾರಿದರು. ಮೈದಾನದವರು ನೆಲವನ್ನೆಲ್ಲ ಮಟ್ಟ ಮಾಡಿ ಹುಲ್ಲು ಹಾಸಿದರು. ಬಂಡೆಯೊಂದು ಮಾತ್ರ ಅವರ ಕೈಗೆ ಬಗ್ಗದೆ ಹನ್ನೆರಡನೇ ಹೋಲಿನ ಪಕ್ಕ ಉಳಿಯಿತು. ಬಂಡೆಯಿಂದ ಪೂರ್ವಕ್ಕೆ ಹದಿನಾಲ್ಕು ಹೆಜ್ಜೆ ಎಂದು ಯಜಮಾನರು ಸಾಯುವ ಮುಂಚೆ ಹೇಳಿದ್ದರು. ಕುತ್ತಿಗೆಯಲ್ಲಿ ಬ್ಯಾಡ್ಜ್ ಇಲ್ಲದಿದ್ದರೆ ಗೇಟಿನವನು ಒಳಗೆ ಬಿಡುವುದಿಲ್ಲ. ಅದಕ್ಕೇ ಎಣಿಸುವ ಕೆಲಸ. ಅಲ್ಲಿಗೆ ಬಂದಾಗ ಬೂಟಿನಲ್ಲಿ ಕಲ್ಲು ಸಿಕ್ಕಿದವಳ ಹಾಗೆ ನಟಿಸಿ, ಬೂಟು ಬಿಚ್ಚಿ ಒಂದು ನಿಮಿಷ ಬರಿಗಾಲಲ್ಲಿ ನಿಲ್ಲುತ್ತೇನೆ. ಆರು ವರ್ಷದಿಂದ ನನಗೆ ಸಿಗುವ ಸಂಬಳ ಅದೇ.

ಈ ವರ್ಷ ಕೊನೆಯ ದಿನ ನನ್ನ ಪಾಲಿಗೆ ಬಂದವನು ಹುತ್ತೂರಿನ ಕದಿರೇಶ್. ಏಳರ ಮಗ್ಗಿ ಬಾರದೆ ನನ್ನ ಕೈಲಿ ಕಿವಿ ಹಿಂಡಿಸಿಕೊಂಡ ಹುಡುಗ, ಇದೇ ಮೈದಾನದಲ್ಲಿ ಬೇರೆಯವರ ಚೀಲ ಹೊತ್ತು ಆಟ ಕಲಿತು ಈಗ ಆಟಗಾರ. ಮೊದಲನೆಯವನಿಗಿಂತ ಒಂದೇ ಹೊಡೆತ ಹಿಂದಿದ್ದ. ಗೆದ್ದರೆ ಮುಂದಿನ ವರ್ಷ ದೇಶದ ದೊಡ್ಡ ಪಂದ್ಯಗಳಿಗೆಲ್ಲ ನೇರ ಪ್ರವೇಶ.

ಹನ್ನೆರಡನೇ ಹೋಲಿನಲ್ಲಿ ಅವನ ಚೆಂಡು ಬಂಡೆಯ ಕಡೆ ಹಾರಿತು. ನಾನು ಬಂಡೆಯಿಂದ ಹೆಜ್ಜೆ ಎಣಿಸುತ್ತ ಹೋದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಚೆಂಡು ಅಲ್ಲೇ ಕೂತಿತ್ತು, ನನ್ನ ಮಗಳ ಎದೆಯ ಮೇಲೆ.

ಕದಿರೇಶ್ ಕಬ್ಬಿಣದ ಕೋಲು ಎತ್ತಿದ. ಆ ಹೊಡೆತಕ್ಕೆ ಹುಲ್ಲು ಮಣ್ಣಿನ ಸಮೇತ ಕಿತ್ತು ಬರುತ್ತದೆ. ಆರು ವರ್ಷದಲ್ಲಿ ಸಾವಿರ ಸಲ ನೋಡಿದ್ದೇನೆ, ಒಮ್ಮೆಯೂ ಏನೂ ಅನ್ನಿಸಿರಲಿಲ್ಲ. ಕೋಲು ಕೆಳಗಿಳಿಯುವಾಗ ನನ್ನ ಬಾಯಿಂದ ಮನೆಮಾತು ತೆಲುಗೇ ಬಂತು.

"ವದ್ದು ರಾ!"

ಬೇಡ ಕಣೋ ಎಂದು ಕೂಗಿದ್ದು ತಡವಾಗಿತ್ತು. ಕೋಲು ಅಳುಕಿತು, ಚೆಂಡು ಸೊಟ್ಟಗೆ ಹಾರಿ ಕೆರೆಗೆ ಬಿತ್ತು. ಅಂಗೈಯಗಲದ ಹುಲ್ಲು ಕಿತ್ತು ದೂರ ಬಿದ್ದಿತ್ತು. ಕೆಳಗಿನ ಮಣ್ಣು ಕೆಂಪಗೆ ಕಾಣುತ್ತಿತ್ತು.

ಕದಿರೇಶ್ ನನ್ನ ಕಡೆ ತಿರುಗಿದ. "ಯಾಕೆ ಮಿಸ್?" ಎಂದ, ಅಷ್ಟೇ.

"ನನ್ ಮಗಳನ್ನ ಇಲ್ಲೇ ಇಟ್ಟಿರೋದು ಕಣೋ."

ಕಿತ್ತ ಹುಲ್ಲನ್ನು ಮತ್ತೆ ಕೂರಿಸಿ, ಮರಳುಮಣ್ಣು ತುಂಬಿ, ಕಾಲಲ್ಲಿ ತುಳಿದು ಹೋಗುವುದು ಆಟದ ಪದ್ಧತಿ. ಚೀಲ ಹೊರುವವನು ಮಣ್ಣಿನ ಡಬ್ಬ ಹಿಡಿದು ಬಂದ. ಕದಿರೇಶ್ ಅದನ್ನು ಅವನಿಂದ ಇಸಿದುಕೊಂಡು ನನ್ನ ಕೈಗೆ ಕೊಟ್ಟ. ನಾನು ಮಂಡಿಯೂರಿ ಹುಲ್ಲು ಕೂರಿಸಿದೆ. ಒಂದು ಹಿಡಿ ಹಾಕಿದೆ, ಎರಡು ಹಾಕಿದೆ, ಮೂರು ಹಾಕಿದೆ. ತುಳಿಯಲಿಲ್ಲ, ಅಂಗೈಯಲ್ಲಿ ತಟ್ಟಿದೆ. ಮಲಗಿಸುವಾಗ ಅವಳ ಬೆನ್ನು ಹಾಗೇ ತಟ್ಟುತ್ತಿದ್ದೆ. ಅತ್ತುಬಿಟ್ಟೆ. ನೋಡುವವರು ನೋಡಲಿ ಎಂದು ಅತ್ತೆ.

ಆಮೇಲೆ ಎದ್ದು, ಚೆಂಡು ನೀರಿಗೆ ಎಂದು ಮೊಬೈಲಿನಲ್ಲಿ ಒತ್ತಿದೆ. ಉಳಿದ ಆರು ಹೋಲನ್ನೂ ತಪ್ಪಿಲ್ಲದೆ ಬರೆದೆ. ಕದಿರೇಶ್ ಎರಡು ಹೊಡೆತದ ಅಂತರದಲ್ಲಿ ಸೋತ.

ಆಟದ ನಡುವೆ ಯಾರೋ ಕೂಗಿದರಂತೆ ಎಂದು ಮೇಲ್ವಿಚಾರಕ ಶ್ರೀಧರ್ ಟೆಂಟಿನಲ್ಲಿ ವಿಚಾರಿಸಿದರು.

"ನವಿಲು ಸರ್," ಎಂದ ಕದಿರೇಶ್. "ಬಂಡೆ ಹಿಂದೆ ಕೂಗ್ತು."

ಸುಮ್ಮನಿದ್ದಿದ್ದರೆ ಮುಂದಿನ ವರ್ಷವೂ ಹೋಗಬಹುದಿತ್ತು. ಆ ಹುಡುಗನ ಒಂದು ವರ್ಷ ನುಂಗಿದ್ದೇನೆ, ಇನ್ನು ಅವನ ಬಾಯಲ್ಲಿ ಸುಳ್ಳನ್ನೂ ಹೇಳಿಸಲೇ?

"ನವಿಲಲ್ಲ ಸರ್, ನಾನು," ಎಂದು ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟೆ.

ಶ್ರೀಧರ್ ಒಳ್ಳೆಯವರು, ತಲೆ ತಗ್ಗಿಸಿಯೇ ಹೇಳಿದರು. "ಮುಂದಿನ ವರ್ಷದಿಂದ ಕರೆಯೋಕಾಗಲ್ಲ ಮೇಡಂ."

"ಗೊತ್ತು ಸರ್," ಎಂದೆ.

ಗೇಟು ದಾಟುವಾಗ ತಿರುಗಿ ನೋಡಿದೆ. ಅಲ್ಲಿಂದ ಬಂಡೆ ಕಾಣುವುದಿಲ್ಲ.

ಮನೆಗೆ ಬಂದಾಗ ಮುನಿಗಂಗಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹೊಸಿಲು ತುಳಿಯದೆ ಅಂಗಳದಲ್ಲೇ ನಿಂತೆ.

"ಯಾಕತ್ತಿಗೆ, ಒಳಗ್ ಬನ್ನಿ. ಮಜ್ಜಿಗೆ ಕೊಡ್ಲಿಲ್ವಾ ಇವತ್ತು?"

"ಹೊರಗಡೆ ನೀರಿಡೇ. ಮಣ್ಣಿಗೆ ಹೋಗಿ ಬಂದಿದೀನಿ."

"ಅಯ್ಯೋ, ಯಾರು ಹೋದ್ರು?"

"ಶ್ರೀವಾಣಿ."

ಅವಳು ನನ್ನ ಉಗುರುಗಳೊಳಗಿನ ಮಣ್ಣನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ನೀರು ತಂದು ನನ್ನ ಕಾಲಿಗೆ ಹುಯ್ದಳು.